ಬೆಳ್ವೊಲದಲ್ಲಿ ಒಕ್ಕಲುತನದ ವಿದ್ಯೆ

ಕೆಲವು ವರ್ಷಗಳ ಹಿಂದೆ ಬೇಸಗೆಯ ಸೂಟಿಯಲ್ಲಿ ನಮ್ಮ ಅಣ್ಣನ ಮಗ ಊರಿನಿಂದ ಧಾರವಾಡಕ್ಕೆ, ನಮ್ಮ ಮನೆಗೆ ಬಂದಿದ್ದ. ಪಿಯುಸಿ ಪರೀಕ್ಷೆ ಮುಗಿಸಿ ಕೃಷಿ ಪದವಿಗೆ ಸೇರಬೇಕೆಂಬುದು ಅವನ ಆಸೆ. ನಮ್ಮ ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ರೈತರ ಮಕ್ಕಳಿಗೆಂದು ಒಂದಿಷ್ಟು ಸ್ಥಾನಗಳನ್ನು ಮೀಸಲಿಟ್ಟಿದ್ದಾರೆ. ಆ ಸ್ಥಾನಗಳಿಗಾಗಿ ಒಂದು ಪ್ರಾಯೋಗಿಕ ಪರೀಕ್ಷೆಯನ್ನೂ ನಡೆಸುತ್ತಾರೆ. ಕಾಳು, ಬೀಜ, ಗೊಬ್ಬರ, ಸಲಕರಣೆಗಳನ್ನು ಮುಂದಿಟ್ಟು, ಇದೇನು, ಅದೇನು ಎಂದು ಕೇಳುತ್ತಾರೆ. ಹುಡುಗ ಪುಸ್ತಕ ಹಿಡಿದು ಬೀಜಗಳ ಚಿತ್ರಗಳನ್ನು ಬಾಯಿಪಾಠ ಮಾಡುತ್ತಿದ್ದುದನ್ನು ನೋಡಿ ನನ್ನ ತಾಯಿಗೆ ನಗು ಬಂತು. ಅಡಿಗೆಮನೆಯಿಂದ ಮೊರ ತಂದು, ಹತ್ತಾರು ತರದ ಕಾಳುಗಳನ್ನು ಅದರಲ್ಲಿ ಬೇರೆ ಬೇರೆಯಾಗಿ ಹರವಿ, ಮೊಮ್ಮಗನನ್ನು ಕೂಡಿಸಿಕೊಂಡಳು.

“ಇದೇನ ಹೇಳೋ ತಮ್ಮಾ?”

“ಎಳ್ಳು, ಆಯಿ.”

“ಎಳ್ಳಲ್ಲೋ, ಗುರೆಳ್ಳದು. ಚಟ್ನಿ ತಿನ್ನೂ ಮುಂದ ಗೊತ್ತಾಕ್ಕೈತಿ, ಕಾಳ ಕಂಡ್ರ ಗೊತ್ತಾಗಂಗಿಲ್ಲೇನು?”

ಎಲ್ಲರೂ ನಕ್ಕೆವು. ಆಮೇಲೆ ಅವಳು ನನ್ನ ಕಡೆಗೆ ತಿರುಗಿ, “ಇಷ್ಟ ಹೇಳಿದ್ರ ಕಾಲೇಜಿಗೆ ಸೇರಿಸ್ಕೊಂತಾರಂದ್ರ, ನನ್ನ ಯಾಕ ಸೇರಿಸ್ಕೊಳ್ಳಲಿಲ್ಲ?” ಎಂದು ಕೇಳಿದಳು. ಚೇಷ್ಟೆಯ ಮಾತೇ ಸರಿ. ಆದರೆ ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ, ಹೊಲ ಬಿಟ್ಟು ಬಂದು ಇಪ್ಪತ್ತು ವರ್ಷ ದಾಟಿದ ನನಗೆ ಅದು ಬಹಳ ದಿನ ಮನಸ್ಸಿನಲ್ಲಿ ಉಳಿಯಿತು. ನಮ್ಮ ನಾಡಿನಲ್ಲಿ ಒಕ್ಕಲುತನದ ವಿದ್ಯೆ ಯಾರ ಕೈಯಿಂದ ಯಾರ ಕೈಗೆ ಬಂದಿತು? ಹೊಲ ಒಂದು ಕಡೆಗೆ, ಸಾಲೆ ಒಂದು ಕಡೆಗೆ ಯಾವಾಗ ನಿಂತವು? ಅವು ಕೂಡುವ ಜಾಗ ಯಾವುದು? ಈ ಪ್ರಶ್ನೆಗಳ ಬೆನ್ನು ಹತ್ತಿ ನಾನು ಕಂಡುಕೊಂಡುದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ನವಲಗುಂದ, ಅಣ್ಣಿಗೇರಿಗಳ ಸುತ್ತಿನ ಕರಿಯ ನೆಲವನ್ನು ನಮ್ಮ ಶಾಸನಗಳು ಬೆಳ್ವೊಲವೆಂದು ಕರೆದಿವೆ. ‘ಬೆಳೆಯುವ ಹೊಲ’ವೇ ಬೆಳ್ವೊಲವಾಯಿತೆಂದು ಹೇಳುವವರಿದ್ದಾರೆ, ಪಂಡಿತರು ಏನೇ ತೀರ್ಮಾನಿಸಲಿ, ಶೀಗಿ ಹುಣ್ಣಿಮೆಯ ಆಚೆಗೆ ಈ ಸೀಮೆಯಲ್ಲಿ ತಿರುಗಾಡಿದವರಿಗೆ ಆ ಹೆಸರು ಒಪ್ಪುವಂಥದೆಂದು ತೋರದೆ ಇರದು. ಪಂಪನ ತಾಯಿ ಅಬ್ಬಣಬ್ಬೆಯ ಕಡೆಯವರು ಈ ಬೆಳ್ವೊಲದ ಅಣ್ಣಿಗೇರಿಯವರೆಂದು ಕುರಿಕ್ಯಾಲದ ಶಾಸನದಿಂದ ತಿಳಿದುಬರುತ್ತದೆ. ಕಾವ್ಯ ಬೆಳೆದ ನೆಲವೂ ಕಡಲೆ ಬೆಳೆದ ನೆಲವೂ ಒಂದೇ.

ಈ ನೆಲದಲ್ಲಿ ಮೊದಲ ಕೃಷಿಶಾಲೆ ಪಂಚಾಂಗವೇ ಆಗಿದ್ದಿತು. ಕಾರಹುಣ್ಣಿಮೆಯಲ್ಲಿ ಎತ್ತುಗಳನ್ನು ಓಡಿಸಿ ಕರಿ ಹರಿಯುತ್ತಿದ್ದರು. ಯಾವ ಬಣ್ಣದ ಎತ್ತು ಮುಂದೆ ಬಂದಿತೋ ಆ ಬಣ್ಣದ ಬೆಳೆ ಆ ವರ್ಷ ಚೆನ್ನಾಗಿ ಬರುತ್ತದೆಂಬ ನಂಬಿಕೆ. ಮುಂದೆ ಮಣ್ಣೆತ್ತಿನ ಅಮಾವಾಸ್ಯೆ: ಮಕ್ಕಳು ಎರೆಮಣ್ಣು ತಂದು, ಕಲಸಿ, ಎತ್ತು ಮಾಡುವರು. ಮಣ್ಣಿನ ಅಂಟು, ಬಿರುಕು, ಹದಗಳನ್ನು ಏಳೆಂಟು ವರ್ಷದ ಬೆರಳುಗಳು ಅಂದೇ ತಿಳಿಯುತ್ತಿದ್ದವು. ನವರಾತ್ರಿಯ ಘಟ್ಟದಲ್ಲಿ ಕಾಳು ಹಾಕಿ ಮೊಳಕೆ ಬರಿಸುವುದು ದೇವರ ಕೆಲಸವೂ ಹೌದು, ಹಿಂಗಾರಿ ಬಿತ್ತುವ ಮೊದಲು ಬೀಜದ ಸತ್ವ ನೋಡಿಕೊಂಡ ಹಾಗೂ ಹೌದು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಮನೆಯವರೆಲ್ಲ ಬೆಳೆಯ ನಡುವೆ ನಡೆದಾಡಲೇಬೇಕು. ಇನ್ನು ಜಾತ್ರೆಗಳು. ತೇರಿನ ಜೊತೆಗೆ ದನದ ಸಂತೆ. ಎತ್ತಿನ ಹಲ್ಲು ಎಣಿಸಿ, ನಡಿಗೆ ನೋಡಿ, ಸುಳಿ ಪರೀಕ್ಷಿಸಿ, ಹೊಸ ಕೂರಿಗೆ ಕುಂಟೆಗಳ ಬಗೆ ವಿಚಾರಿಸಿ ಜನ ಊರಿಗೆ ಮರಳುತ್ತಿದ್ದರು. ಇದೆಲ್ಲ ಕುರುಡು ಆಚಾರವೆಂದು ಹಳಿಯುವುದೂ ಬೇಡ, ಇದರಲ್ಲೇ ಸಕಲ ವಿಜ್ಞಾನವಿತ್ತೆಂದು ಬೀಗುವುದೂ ಬೇಡ. ನೋಡಿ, ಮುಟ್ಟಿ, ಮಾತಾಡಿ ಕಲಿಯುವ ಪದ್ಧತಿಯೊಂದು ಇಲ್ಲಿ ಬೇರೂರಿತ್ತೆಂಬಷ್ಟು ಮಾತು ಸಾಕು.

ಹೊರಗಿನವರು ನಮಗೆ ಒಕ್ಕಲುತನ ಕಲಿಸಲು ಬಂದ ಕಥೆ ಇದಕ್ಕಿಂತ ಸ್ವಾರಸ್ಯವಾಗಿದೆ. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಾಗಿದ್ದಿತು. ೧೮೪೦ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಅಮೇರಿಕೆಯಿಂದ ಹತ್ತು ಜನ ಹತ್ತಿ ಬೆಳೆಗಾರರನ್ನು ಹಿಂದುಸ್ತಾನಕ್ಕೆ ಕರೆಸಿದರು. ಅವರಲ್ಲಿ ಮರ್ಸರ್ ಎಂಬಾತ ನಮ್ಮ ಜಿಲ್ಲೆಗೆ ಬಂದು, ಹುಬ್ಬಳ್ಳಿಯಿಂದ ನವಲಗುಂದಕ್ಕೆ ಹೋಗುವ ದಾರಿಯಲ್ಲಿರುವ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಮಾಡಿದ. ಕೆಲವು ವರ್ಷ ದುಡಿದ ಮೇಲೆ ಆತ ಸರಕಾರಕ್ಕೆ ಕೊಟ್ಟ ಅಭಿಪ್ರಾಯ ವಿಚಿತ್ರವಾದುದು. ಈ ಪ್ರಯೋಗದ ಹೊಲಗಳು ದಂಡದ ಖರ್ಚು; ಅಮೇರಿಕೆಯ ಪದ್ಧತಿ ಇಲ್ಲಿಗೆ ಹೊಂದುವುದಿಲ್ಲ; ತಮ್ಮ ನೆಲವನ್ನೂ ಹವೆಯನ್ನೂ ಬಲ್ಲ ಇಲ್ಲಿಯ ರೈತರು ಯಾವ ಬಿಳಿಯನಿಗಿಂತಲೂ ಚೆನ್ನಾಗಿ, ಕಡಿಮೆ ವೆಚ್ಚದಲ್ಲಿ ಸಾಗುವಳಿ ಮಾಡಬಲ್ಲರು ಎಂಬುದು ಅದರ ತಾತ್ಪರ್ಯ. ಕಲಿಸಲು ಬಂದವನು ಕಲಿತು ಹೋದ! ಹಾಗೆಂದು ಆ ಸಾಹಸ ವ್ಯರ್ಥವಾಗಲಿಲ್ಲ. ಅವರು ತಂದ ಬೀಜವನ್ನು ನಮ್ಮ ರೈತರು ತಮ್ಮ ಹೊಲಗಳಲ್ಲಿ ತಮ್ಮ ರೀತಿಯಲ್ಲಿ ಬಿತ್ತಿ ನೋಡಿದರು, ಹಿಡಿಸಿದ್ದನ್ನು ಉಳಿಸಿಕೊಂಡರು. ಅದೇ ಮುಂದೆ ‘ಧಾರವಾಡ-ಅಮೇರಿಕನ್’ ಎಂಬ ಜೋಡು ಹೆಸರಿನಿಂದ ಜಗತ್ತಿನ ಪೇಟೆಗಳಲ್ಲಿ ಪ್ರಸಿದ್ಧವಾಯಿತು. ೧೮೬೧ರಿಂದ ೧೮೬೫ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲಂಡಿಗೆ ಬರುವುದು ನಿಂತಾಗ, ನಮ್ಮ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು.

ಅದೇ ಅಮೇರಿಕೆಯವರು ತಮ್ಮ ರೈತರಿಗೆ ಹೇಗೆ ಕಲಿಸಿದರೆಂಬುದನ್ನೂ ನೋಡಬೇಕು. ೧೮೦೭ರಲ್ಲಿ ಎಲ್ಕಾನಾ ವಾಟ್ಸನ್ ಎಂಬ ಗೃಹಸ್ಥ ಮ್ಯಾಸಚೂಸೆಟ್ಸಿನ ಪಿಟ್ಸ್‌ಫೀಲ್ಡ್ ಎಂಬ ಊರಿನ ಬಯಲಿನಲ್ಲಿ ಎರಡು ಮೆರಿನೋ ಕುರಿಗಳನ್ನು ತಂದು ಜನರಿಗೆ ತೋರಿಸಿದ. ನೋಡಲು ಜನ ಕೂಡಿದರು. ಎರಡು ಕುರಿಗಳಿಗೇ ಇಷ್ಟು ಜನ ಬಂದರೆ ಊರಿನ ಒಳ್ಳೆಯ ದನಕರುಗಳನ್ನೆಲ್ಲ ಕೂಡಿಸಿದರೆ ಹೇಗೆಂದು ಅವನು ಯೋಚಿಸಿದ. ಅಲ್ಲಿಯ ಜಿಲ್ಲಾ ಮೇಳಗಳ ಪರಂಪರೆ ಹೀಗೆ ಹುಟ್ಟಿತು. ೧೯೦೨ರಲ್ಲಿ ಓಹಾಯೋ ಪ್ರಾಂತದಲ್ಲಿ ಗ್ರಹಾಮ್ ಎಂಬ ಶಾಲಾಧಿಕಾರಿ ಹಳ್ಳಿಯ ಹುಡುಗ ಹುಡುಗಿಯರನ್ನು ಕೂಡಿಸಿ ಮಣ್ಣಿನ ಪರೀಕ್ಷೆ, ಮೆಕ್ಕೆಜೋಳದ ಬೆಳೆ ಮೊದಲಾದವನ್ನು ಕಲಿಸುವ ಕೂಟ ನಡೆಸಿದ. ಅದೇ ಬೆಳೆದು ‘ಫೋರ್-ಎಚ್’ ಎಂಬ ತರುಣರ ಚಳವಳಿಯಾಯಿತು. ಮರುವರ್ಷ, ೧೯೦೩ರಲ್ಲಿ, ಟೆಕ್ಸಸಿನ ಟೆರೆಲ್ ಎಂಬ ಊರಿನಲ್ಲಿ ಸೀಮನ್ ನ್ಯಾಪ್ ಎಂಬಾತ ರೈತನೊಬ್ಬನ ಸ್ವಂತ ಹೊಲದಲ್ಲೇ ಹೊಸ ರೀತಿಯ ಬೇಸಾಯ ಮಾಡಿಸಿ ತೋರಿಸಿದ. ಈ ಪ್ರಸಂಗದಲ್ಲಿ ಪೇಟೆಯವರಾದ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಹೊಸ ಪ್ರಯೋಗದಿಂದ ರೈತನಿಗೆ ನಷ್ಟವಾದರೆ ತುಂಬಿಕೊಡುವುದಕ್ಕೆಂದು ಟೆರೆಲ್ಲಿನ ನಾಗರಿಕರು ಮೊದಲೇ ಹಣ ಕೂಡಿಸಿ ಇಟ್ಟಿದ್ದರು. ನಷ್ಟವಾಗಲಿಲ್ಲ, ಆ ಮಾತು ಬೇರೆ. ಕಲಿಯುವವನ ಗಂಡಾಂತರದಲ್ಲಿ ಊರು ಪಾಲುಗೊಂಡಿತ್ತೆಂಬುದೇ ಮುಖ್ಯ.

ನಮ್ಮ ಕಡೆಗೂ ಇಂಥ ಬುದ್ಧಿ ಇರಲಿಲ್ಲವೆಂದಲ್ಲ. ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರಿ ಸಂಘ ರೈತನ ಸಾಲದ ಹೊರೆಯನ್ನು ಊರೇ ಹೊರಲು ಮಾಡಿದ ಪ್ರಯತ್ನ. ಮುಂಬಯಿ ಇಲಾಖೆಯ ಸರಕಾರವು ರೈತರ ಮಕ್ಕಳಿಗೆ ಅವರ ಭಾಷೆಯಲ್ಲೇ ಪಾಠ ಹೇಳುವ ಕೃಷಿಶಾಲೆಗಳನ್ನು ತೆರೆಯಿತು. ಮಹಾರಾಷ್ಟ್ರದಲ್ಲಿ ಲೋಣಿಯಲ್ಲಿ ಅಂಥದೊಂದು, ನಮ್ಮ ಕಡೆಗೆ ಹಾವೇರಿಯ ಹತ್ತಿರದ ದೇವಿಹೊಸೂರಿನಲ್ಲಿ ಒಂದು. ೧೯೨೬ರಿಂದ ೧೯೨೮ರ ವರೆಗೆ ದೇಶವನ್ನೆಲ್ಲ ಸುತ್ತಿ ವಿಚಾರಣೆ ನಡೆಸಿದ ಲಿನ್‌ಲಿತ್‌ಗೋ ಕೃಷಿ ಆಯೋಗ ಈ ಶಾಲೆಗಳ ವಿಷಯವನ್ನೂ ಪರಿಶೀಲಿಸಿತು. ಬೇರೆ ಕೃಷಿಶಾಲೆ ಕಟ್ಟುವುದಕ್ಕಿಂತ ಪಂಜಾಬದ ಮಾದರಿಯಲ್ಲಿ ಸಾಮಾನ್ಯ ಶಾಲೆಗಳಿಗೇ ಹೊಲ ಜೋಡಿಸುವುದು ಲೇಸೆಂಬುದು ಆಯೋಗದ ಒಲವಾಗಿತ್ತು. ಎರಡು ಮಾದರಿಗಳಲ್ಲಿ ಯಾವುದು ಮೇಲೆಂಬ ಚರ್ಚೆ ಈಗ ಬೇಡ. ಎರಡರಲ್ಲಿಯೂ ಪಾಠ ಮಾತೃಭಾಷೆಯಲ್ಲಿಯೇ ನಡೆಯುತ್ತಿತ್ತೆಂಬುದನ್ನು ಮಾತ್ರ ನೆನಪಿನಲ್ಲಿಡೋಣ.

೧೯೪೭ರಲ್ಲಿ ಧಾರವಾಡಕ್ಕೆ ಕೃಷಿ ಕಾಲೇಜು ಬಂದಿತು. ೧೯೫೦ರ ಜನವರಿಯಲ್ಲಿ ಆಕಾಶವಾಣಿ ಕೇಂದ್ರ ಬಂದು, ಬೆಳೆಯ ಮಾತು ಗಾಳಿಯಲ್ಲಿ ಹಳ್ಳಿಗೆ ಮುಟ್ಟಹತ್ತಿತು. ೧೯೫೯ರ ಡಿಸೆಂಬರದಲ್ಲಿ ದಿಲ್ಲಿಯಲ್ಲಿ ವಿಶ್ವ ಕೃಷಿ ಮೇಳ ನಡೆದಾಗ ಅಮೇರಿಕೆಯ ಅಧ್ಯಕ್ಷ ಐಸೆನ್‌ಹೋವರರೇ ಪ್ರಾರಂಭಕ್ಕೆ ಬಂದಿದ್ದರು. ಆದರೆ ದಿಲ್ಲಿಯ ಮೇಳಕ್ಕಿಂತ ನಮಗೆ ಹತ್ತಿರದವು ಎರಡು ಹೆಸರುಗಳು. ಒಂದು ವರಲಕ್ಷ್ಮಿ. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ೧೯೭೨ರಲ್ಲಿ ಕೊಟ್ಟ ಈ ಸಂಕರ ತಳಿಯಲ್ಲಿ ತಾಯಿಯಾದ ‘ಲಕ್ಷ್ಮಿ’ ಹತ್ತಿ ಆ ಹಳೆಯ ಧಾರವಾಡ-ಅಮೇರಿಕನ್ನಿನ ವಂಶದ್ದು. ಕುಸುಗಲ್ಲಿನ ಕಾಲದ ಬೀಜ ನೂರಮೂವತ್ತು ವರ್ಷದ ಮೇಲೆ ಹೀಗೆ ಫಲಿಸಿತು. ಇನ್ನೊಂದು ‘ಅಣ್ಣಿಗೇರಿ-೧’ ಎಂಬ ಕಡಲೆ. ನಾಡ ತಳಿಗಳಲ್ಲಿ ಆಯ್ದು ೧೯೭೮ರಲ್ಲಿ ಬಿಡುಗಡೆ ಮಾಡಿದ ಈ ತಳಿ ಹಲವು ದಶಕಗಳ ಕಾಲ ಕರ್ನಾಟಕದ ಹಿಂಗಾರಿಯ ಹೊಲಗಳನ್ನು ಆಳಿತು. ಸೊರಗು ರೋಗಕ್ಕೆ ಅದು ಬಲಿಬೀಳತೊಡಗಿದಾಗ, ರೋಗ ತಡೆಯುವ ಗುಣವನ್ನು ಬೇರೊಂದು ತಳಿಯಿಂದ ತಂದು ಸೇರಿಸಿ ‘ಸೂಪರ್ ಅಣ್ಣಿಗೇರಿ-೧’ ಮಾಡಿದ್ದಾರೆ. ಊರಿನ ಹೆಸರನ್ನು ವಿಜ್ಞಾನಿಗಳೂ ಬಿಟ್ಟುಕೊಡಲಿಲ್ಲ. ಪಂಪನ ಕಡೆಯ ಊರಿಗೆ ಇದು ಎರಡನೆಯ ಕೀರ್ತಿ.

ಇದೇ ಕಾಲದಲ್ಲಿ ಒಂದು ಕಹಿ ಪಾಠವೂ ನಡೆಯಿತು. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿ, ಮಳೆಯನ್ನೇ ನಂಬಿದ್ದ ಎರೆಯ ಹೊಲಗಳಿಗೆ ಕಾಲುವೆ ಹರಿಸಿದರು. ನೀರು ಎಲ್ಲ ಹೊಲಗಳಿಗೂ ಸರಿಯಾಗಿ ಮುಟ್ಟುವ ಮೊದಲೇ ‘ಬೆಟರ್‌ಮೆಂಟ್ ಲೆವಿ’ ಎಂಬ ಕರ ಬಂದು ನಿಂತಿತು. ತಮ್ಮ ಹೊಲ ‘ಬೆಟರ್’ ಆಯಿತೋ ಇಲ್ಲವೋ ಎಂದು ರೈತರನ್ನು ಕೇಳಿದವರಿಲ್ಲ. ೧೯೮೦ರ ಜುಲೈ ೨೧ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರು ನಡೆದು ರೈತರು ಪ್ರಾಣ ಕಳೆದುಕೊಂಡರು. ಇಂದಿಗೂ ಆ ದಿನ ರೈತ ಹುತಾತ್ಮರ ಸ್ಮರಣೆ ನಡೆಯುತ್ತದೆ. ಕುಸುಗಲ್ಲಿನ ಪರದೇಶಿ ಹೊಲಕ್ಕಿಳಿದು ತಿಳಿದುಕೊಂಡ ಮಾತನ್ನು ನಮ್ಮವರೇ ಆದ ಸರಕಾರ ಕಚೇರಿಯಲ್ಲಿ ಕುಳಿತು ಮರೆತಿತ್ತು.

೧೯೮೬ರ ಅಕ್ಟೋಬರ ೧ರಂದು ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದು ನಡೆಸುವ ಕೃಷಿ ಮೇಳ ಸಾಮಾನ್ಯವಾಗಿ ಸಪ್ಟೆಂಬರದಲ್ಲಿ ಬರುತ್ತದೆ. ಆ ವೇಳೆಯ ಆಯ್ಕೆ ಸುಮ್ಮನೆ ಆದುದಲ್ಲ. ಮುಂಗಾರಿಯ ಹೆಸರು ಮನೆಗೆ ಬಂದಿರುತ್ತದೆ, ಹಿಂಗಾರಿಯ ಜೋಳ ಕಡಲೆ ಬಿತ್ತುವುದು ಇನ್ನೂ ಮುಂದಿರುತ್ತದೆ. ರೈತನಿಗೆ ಬಿಡುವೂ ಉಂಟು, ಬೀಜದ ಗರಜೂ ಉಂಟು. ನವಲಗುಂದ, ಕುಂದಗೋಳದ ಎರೆಯವರು ಕಡಲೆ, ಹತ್ತಿ, ಮೆಣಸಿನಕಾಯಿಯ ಚಿಂತೆ ಹೊತ್ತು ಬರುತ್ತಾರೆ. ಮಲೆನಾಡಿನ ಅಂಚಿನ ಕಲಘಟಗಿಯವರು ಬತ್ತ, ಗೋವಿನಜೋಳದ ಮಾತು ತರುತ್ತಾರೆ. ಬೀಜದ ಮಳಿಗೆಯ ಮುಂದೆ ಸಾಲು, ಯಂತ್ರಗಳ ಸುತ್ತ ತರುಣರು, ಹುಳುಗಳ ಪ್ರದರ್ಶನದ ಬಾಗಿಲಲ್ಲಿ ಶಾಲೆಯ ಮಕ್ಕಳು. ಹಳೆಯ ಜಾತ್ರೆಯೇ ಹೊಸ ಅಂಗಿ ತೊಟ್ಟ ಹಾಗೆ ಕಾಣುತ್ತದೆ.

ಕನ್ನಡದ ಮಾಸ್ತರನಾಗಿ ನನಗೆ ಅಲ್ಲಿ ಹಿಡಿಸುವುದು ಬೇರೊಂದು ಸಂಗತಿ. ಪದವಿಯ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತದೆ. ಮೇಳದ ಆ ನಾಲ್ಕು ದಿನ ಮಾತ್ರ ವಿಜ್ಞಾನ ಕನ್ನಡದಲ್ಲಿ ಬಾಯಿಬಿಡಲೇಬೇಕು. ಮುಪ್ಪಾದ ರೈತನೊಬ್ಬ ರೋಗ ಬಿದ್ದ ಗಿಡವನ್ನು ಬೇರುಸಹಿತ ಚೀಲದಲ್ಲಿ ತಂದು ಮೇಜಿನ ಮೇಲಿಟ್ಟು, “ಇದಕ್ಕೇನ ಹೇಳ್ತೀರಿ ಸಾಹೇಬ್ರ?” ಎಂದು ಕೇಳಿದುದನ್ನು ನಾನು ಕಂಡಿದ್ದೇನೆ. ಎದುರಿಗಿದ್ದ ತರುಣ ವಿಜ್ಞಾನಿ ಒಂದು ಕ್ಷಣ ಶಬ್ದಕ್ಕಾಗಿ ತಡವರಿಸಿದ. ಮುದುಕನೇ ಶಬ್ದ ಕೊಟ್ಟ. ಆಮೇಲೆ ಇಬ್ಬರೂ ಅರ್ಧ ತಾಸು ಮಾತಾಡಿದರು. ಆ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳನ್ನು ಕೆಲವು ತಿಂಗಳು ಹಳ್ಳಿಯಲ್ಲಿರಿಸಿ ರೈತರೊಡನೆ ದುಡಿಸುವ ಪದ್ಧತಿಯ ಬೆಲೆಯೂ ಇದೇ. ಹುಡುಗರು ಕಲಿಸುವುದಕ್ಕಿಂತ ಹೆಚ್ಚು ಕಲಿತು ಬರುತ್ತಾರೆ, ಮರ್ಸರ್ ಕಲಿತ ಹಾಗೆ.

ಇಷ್ಟಾದರೂ ಮನಸ್ಸಿಗೆ ಸಮಾಧಾನವಿಲ್ಲ. ಮೇಳಕ್ಕೆ ಬರುವ ತರುಣರಲ್ಲಿ ಎಷ್ಟು ಜನ ಹೊಲದಲ್ಲಿ ಉಳಿಯುವರು? ಹೊಸದನ್ನು ಬಿತ್ತಿ ನೋಡೆಂದು ರೈತನಿಗೆ ನಾವೆಲ್ಲ ಹೇಳುತ್ತೇವೆ. ಬಿತ್ತಿದ್ದು ಹುಟ್ಟದಿದ್ದರೆ, ಹುಟ್ಟಿದ್ದಕ್ಕೆ ಬೆಲೆ ಬಾರದಿದ್ದರೆ, ಅವನ ಜೊತೆಗೆ ನಿಲ್ಲುವವರಾರು? ಟೆರೆಲ್ಲಿನ ಪೇಟೆಯವರು ಹಣ ಕೂಡಿಸಿದ್ದರು, ಕಣಗಿನಹಾಳದವರು ಸಂಘ ಕಟ್ಟಿದ್ದರು. ಹುಬ್ಬಳ್ಳಿ-ಧಾರವಾಡದ ನಾವು ಮೇಳಕ್ಕೆ ಹೋಗಿ ಹೂವಿನ ಕುಂಡ ಕೊಂಡು, ಮಿರ್ಚಿ ತಿಂದು ಮನೆಗೆ ಬರುತ್ತೇವೆ. ಪ್ರತಿಯೊಂದು ಹಳ್ಳಿಯ ಶಾಲೆಗೂ ಒಂದು ತುಂಡು ಹೊಲ, ತಾಲೂಕಿಗೊಂದು ಸಣ್ಣ ಮೇಳ, ಪ್ರಯೋಗ ಮಾಡುವ ತರುಣನಿಗೆ ಮೊದಲ ವರ್ಷದ ನಷ್ಟಕ್ಕೆ ಊರಿನ ಆಸರೆ: ಇವು ಕೈಗೆ ಎಟುಕದ ಮಾತುಗಳಲ್ಲ.

ಹೊಲ ಬಿಟ್ಟು ಬಂದ ನಾನು ಇದನ್ನು ಹೇಳುವುದು ಸುಲಭವೆಂಬುದೂ ನನಗೆ ಗೊತ್ತು. ಅಣ್ಣನ ಮಗನಿಗೆ ಸೀಟು ಸಿಕ್ಕಿತು. ಈಗ ಕೊನೆಯ ವರ್ಷದಲ್ಲಿದ್ದಾನೆ. ಓದು ಮುಗಿದ ಮೇಲೆ ಏನು ಮಾಡುವಿಯೆಂದು ಮೊನ್ನೆ ಕೇಳಿದೆ. “ನೌಕರಿ ನೋಡ್ತೀನಿ, ಕಾಕಾ. ಆಗಲಿಲ್ಲಂದ್ರ ಊರಿಗೆ ಹೋಗ್ತೀನಿ,” ಎಂದ. ನನ್ನ ತಾಯಿ ಅಲ್ಲಿಯೇ ಕುಳಿತು ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಆ ‘ಆಗಲಿಲ್ಲಂದ್ರ’ ಎಂಬ ಮಾತು ಅವಳ ಕಿವಿಗೂ ಬಿದ್ದಿರಬೇಕು. ಏನೂ ಅನ್ನದೆ ಕಲ್ಲು ಆರಿಸುತ್ತ ಕುಳಿತಳು. ಆ ಮಾತನ್ನು ಅವನ ಬಾಯಿಗೆ ಕಲಿಸಿದವರಲ್ಲಿ ನಾನೂ ಒಬ್ಬನೆಂದು ನನಗೆ ಅನ್ನಿಸಿತು.