ಕೆಲಸ ಆಗದಿದ್ದರೂ ಕುರ್ಚಿ ಉಳಿಯುವುದೇಕೆ?

ನವಲಗುಂದ ವಿಧಾನಸಭಾ ಕ್ಷೇತ್ರ 2008ರಿಂದ ಈಚೆಗೆ ಯಾವ ಶಾಸಕರನ್ನೂ ಬೆನ್ನುಬೆನ್ನಿಗೆ ಎರಡು ಸಲ ಆರಿಸಿಲ್ಲ. 2008ರಲ್ಲಿ ಬಿಜೆಪಿಯ ಶಂಕರ ಪಾಟೀಲ ಮುನೇನಕೊಪ್ಪ, 2013ರಲ್ಲಿ ಜೆಡಿಎಸ್‌ನ ಎನ್.ಎಚ್. ಕೋನರಡ್ಡಿ, 2018ರಲ್ಲಿ ಮತ್ತೆ ಮುನೇನಕೊಪ್ಪ, 2023ರಲ್ಲಿ ಕಾಂಗ್ರೆಸ್ ಸೇರಿದ್ದ ಕೋನರಡ್ಡಿ. ಇದೇ ನವಲಗುಂದ, ಜೊತೆಗೆ ಕುಂದಗೋಳ, ಕಲಘಟಗಿ ಸೇರುವ ಧಾರವಾಡ ಲೋಕಸಭಾ ಕ್ಷೇತ್ರದಲ್ಲಿ 2009ರಿಂದ 2024ರವರೆಗೆ ನಾಲ್ಕೂ ಚುನಾವಣೆ ಗೆದ್ದವರು ಪ್ರಲ್ಹಾದ ಜೋಶಿ ಒಬ್ಬರೇ. ಇದನ್ನು ಒಂದು ಪಕ್ಷದ ಕತೆ ಎನ್ನುವಂತಿಲ್ಲ. 1996ರಲ್ಲಿ ಬಿಜೆಪಿ ಗೆಲ್ಲುವ ಮುಂಚೆ ಆಗಿನ ಧಾರವಾಡ ಉತ್ತರ ಕ್ಷೇತ್ರ ದಶಕಗಟ್ಟಲೆ ಕಾಂಗ್ರೆಸ್ಸಿನ ಕೈಯಲ್ಲಿತ್ತು. ಮಹದಾಯಿ ನದಿಯ ನೀರು ಈ ಭಾಗಕ್ಕೆ ಬಾರದ ಸಿಟ್ಟು ಶಾಸಕರ ಕುರ್ಚಿ ಅಲುಗಿಸುತ್ತದೆ, ಸಂಸದರದನ್ನು ಮುಟ್ಟುವುದಿಲ್ಲ. ಇದೇಕೆ ಎಂಬ ಪ್ರಶ್ನೆಗೆ ರಾಜ್ಯಶಾಸ್ತ್ರ ಎಪ್ಪತ್ತು ವರ್ಷಗಳಿಂದ ಉತ್ತರ ಹುಡುಕುತ್ತಿದೆ.

ಮೊದಲ ಉತ್ತರ ನಮ್ಮ ನೆಲದ್ದೇ. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ಮಾಡಿದ ಎಂ.ಎನ್. ಶ್ರೀನಿವಾಸ್, 1955ರಲ್ಲಿ ‘ವೋಟ್ ಬ್ಯಾಂಕ್’ ಎಂಬ ಮಾತನ್ನು ಬಳಕೆಗೆ ತಂದರು. ಊರ ಗೌಡ ಹೇಳಿದ ಕಡೆ ಊರ ಮತ ಬೀಳುತ್ತದೆ, ನಾಯಕ ಏನು ಮಾಡಿದ ಎಂಬ ಲೆಕ್ಕ ಆಮೇಲಿನದು. 1960ರಲ್ಲಿ ಬಂದ ‘ದಿ ಅಮೆರಿಕನ್ ವೋಟರ್’ ಪುಸ್ತಕ ಇದನ್ನೇ ಬೇರೆ ದಾರಿಯಲ್ಲಿ ಹೇಳಿತು: ಪಕ್ಷನಿಷ್ಠೆ ಚಿಕ್ಕಂದಿನಲ್ಲೇ ಮನೆಯಿಂದ ಬರುತ್ತದೆ, ಮುಂದೆ ಕಣ್ಣಿಗೆ ಬೀಳುವ ಸುದ್ದಿಯನ್ನೆಲ್ಲ ಅದೇ ಸೋಸುತ್ತದೆ. ಈ ಎರಡೂ ವಾದಗಳಲ್ಲಿ ಹುರುಳಿದೆ. ಆದರೆ ನವಲಗುಂದದ ಶಾಸಕರು ಐದೈದು ವರ್ಷಕ್ಕೆ ಬದಲಾಗುವುದನ್ನು ಇವು ವಿವರಿಸಲಾರವು.

ಅಮೆರಿಕದ ವಿ.ಒ. ಕೀ, 1966ರಲ್ಲಿ ಪ್ರಕಟವಾದ ಪುಸ್ತಕದಲ್ಲಿ, ಇದಕ್ಕೆ ತಿರುಗಿ ನಿಂತರು. ಮತದಾರ ದಡ್ಡನಲ್ಲ, ಹಿಂದಿನ ಆಡಳಿತ ನೋಡಿಯೇ ತೀರ್ಪು ಕೊಡುತ್ತಾನೆ ಎಂದರು. 1981ರಲ್ಲಿ ಮಾರಿಸ್ ಫಿಯೊರಿನಾ ಇದನ್ನೊಂದು ಸಿದ್ಧಾಂತವಾಗಿಯೇ ಕಟ್ಟಿದರು. ಕರ್ನಾಟಕದಲ್ಲಿ ಅದಕ್ಕೆ ಸಾಕ್ಷಿ ಆಗಲೇ ಸಿದ್ಧವಾಗುತ್ತಿತ್ತು. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ಬೆಟರ್‌ಮೆಂಟ್ ಲೆವಿ (ನೀರಾವರಿಗೆ ಒಳಪಟ್ಟ ಜಮೀನಿನ ಮೇಲೆ ಹಾಕಿದ ಅಭಿವೃದ್ಧಿ ಕರ) ವಿರುದ್ಧ ಬೀದಿಗಿಳಿದಾಗ ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್ ಆಯಿತು, ರೈತರು ಸತ್ತರು. 1983ರಲ್ಲಿ ಗುಂಡೂರಾವ್ ಸರ್ಕಾರ ಉರುಳಿ, ರಾಜ್ಯಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಹಾಗಿದ್ದೂ 1984ರ ಡಿಸೆಂಬರಿನಲ್ಲಿ ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೇ ಹೋದವು. ಮೂರೇ ತಿಂಗಳಲ್ಲಿ, 1985ರ ಮಾರ್ಚಿನಲ್ಲಿ, ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ ವಿಧಾನಸಭೆಯಲ್ಲಿ 139 ಸ್ಥಾನ ಗೆದ್ದಿತು. ದಿಲ್ಲಿಗೆ ಒಂದು ಲೆಕ್ಕ, ಬೆಂಗಳೂರಿಗೆ ಇನ್ನೊಂದು ಲೆಕ್ಕ ಇಡುವ ಮತದಾರನನ್ನು ನಿಷ್ಠೆಯ ಸಿದ್ಧಾಂತವಾಗಲಿ ತೀರ್ಪಿನ ಸಿದ್ಧಾಂತವಾಗಲಿ ಒಂಟಿಯಾಗಿ ಹಿಡಿಯಲಾರದು.

ಮುಂದಿನ ಸಂಶೋಧನೆ ಕೆಲವು ಗಂಟು ಬಿಡಿಸಿತು. ಭಾರತದ ವಿಧಾನಸಭೆಗಳಲ್ಲಿ ಹಾಲಿ ಶಾಸಕನಾಗಿರುವುದೇ ಅನನುಕೂಲ ಎಂದು ಯೋಗೇಶ್ ಉಪ್ಪಲ್ 2009ರಲ್ಲಿ ತೋರಿಸಿದರು. ಅದೇ ವರ್ಷ ಆಂಡ್ರ್ಯೂ ಹೀಲಿ ಮತ್ತು ನೀಲ್ ಮಲ್ಹೋತ್ರಾ ಅಮೆರಿಕದ ವಿಕೋಪಗಳ ಲೆಕ್ಕ ತೆಗೆದರು. ಪರಿಹಾರದ ಹಣಕ್ಕೆ ಮತ ಬೀಳುತ್ತದೆ, ವಿಕೋಪ ತಡೆಯುವ ಖರ್ಚಿಗೆ ಬೀಳುವುದಿಲ್ಲ. ನನಗೆ ಇದು ಈ ಅಧ್ಯಯನಗಳಲ್ಲೇ ಅತಿ ಮುಖ್ಯ ಶೋಧ. ನವಲಗುಂದ ಸೀಮೆಯಲ್ಲಿ ಬೆಣ್ಣಿಹಳ್ಳ ಉಕ್ಕಿದಾಗ ಹೆಸರಿನ ಬೆಳೆ ಕೊಳೆಯುತ್ತದೆ, ತಹಶೀಲ್ದಾರ್ ಕಚೇರಿಯಲ್ಲಿ ಪಹಣಿ, ಬ್ಯಾಂಕ್ ಪಾಸ್‌ಬುಕ್ ಹಿಡಿದು ಸಾಲು ನಿಲ್ಲುತ್ತದೆ. ಖಾತೆಗೆ ಬಿದ್ದ ಪರಿಹಾರಕ್ಕೆ ಒಬ್ಬ ನಾಯಕನ ಹೆಸರು ಅಂಟಿಕೊಳ್ಳುತ್ತದೆ. ಹಳ್ಳದ ಹೂಳು ತೆಗೆಸಿ, ಒಡ್ಡು ಗಟ್ಟಿ ಮಾಡಿಸಿ, ಬಾರದಂತೆ ತಡೆದ ನೆರೆಗೆ ಯಾರ ಹೆಸರೂ ಇಲ್ಲ. ಮಳೆ ಕೈಕೊಟ್ಟರೆ ಭಾರತದ ಮತದಾರ ಆಳುವ ಪಕ್ಷವನ್ನು ಶಿಕ್ಷಿಸುತ್ತಾನೆ, ಪರಿಹಾರ ಚುರುಕಾಗಿದ್ದರೆ ಆ ಶಿಕ್ಷೆ ಸ್ವಲ್ಪ ಇಳಿಯುತ್ತದೆ ಎಂದು 2012ರಲ್ಲಿ ಶಾನ್ ಕೋಲ್, ಹೀಲಿ, ಎರಿಕ್ ವರ್ಕರ್ ಬರೆದರು.

ಹೊಣೆ ತಪ್ಪಿಸಿಕೊಳ್ಳುವುದೇ ರಾಜಕೀಯದ ದೊಡ್ಡ ಕಸುಬು ಎಂದು ಕೆಂಟ್ ವೀವರ್ 1986ರಲ್ಲೇ ಹೇಳಿದ್ದರು. ಮಹದಾಯಿ ಅದಕ್ಕೆ ತಕ್ಕ ಉದಾಹರಣೆ. ಗೋವಾ ಜೊತೆಗಿನ ಈ ನೀರಿನ ವ್ಯಾಜ್ಯಕ್ಕೆ 2010ರಲ್ಲಿ ನ್ಯಾಯಮಂಡಳಿ ಬಂತು. 2015ರಲ್ಲಿ ನರಗುಂದದಲ್ಲಿ ಧರಣಿ ಶುರುವಾಯಿತು. 2016ರ ಜುಲೈ 27ರಂದು 7.56 ಟಿಎಂಸಿ ಕೇಳಿದ ಕರ್ನಾಟಕದ ಮಧ್ಯಂತರ ಅರ್ಜಿ ಬಿದ್ದುಹೋಯಿತು, ಅದರ ಬೆನ್ನಿಗೇ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಲಾಠಿ ಬೀಸಿದರು. 2018ರ ಆಗಸ್ಟಿನಲ್ಲಿ 13.42 ಟಿಎಂಸಿಯ ತೀರ್ಪು, 2020ರ ಫೆಬ್ರುವರಿಯಲ್ಲಿ ಗೆಜೆಟ್ ಅಧಿಸೂಚನೆ, 2022ರ ಡಿಸೆಂಬರಿನಲ್ಲಿ ಯೋಜನಾ ವರದಿಗೆ ಕೇಂದ್ರ ಜಲ ಆಯೋಗದ ಒಪ್ಪಿಗೆ. ಅದಾದ ಮೇಲೂ ಕೆಲಸ ವನ್ಯಜೀವಿ ಅನುಮತಿಗೆ ಕಾಯುತ್ತ ನಿಂತಿತು. ಬೆಂಗಳೂರು ದಿಲ್ಲಿಯತ್ತ, ದಿಲ್ಲಿ ನ್ಯಾಯಮಂಡಳಿಯತ್ತ, ಎಲ್ಲರೂ ಗೋವಾದತ್ತ ಬೆರಳು ತೋರಿಸಿದರು. 2019ರ ಜುಲೈಯಿಂದ 2023ರ ಮೇವರೆಗೆ ಬೆಂಗಳೂರು, ದಿಲ್ಲಿ, ಗೋವಾ ಮೂರೂ ಕಡೆ ಒಂದೇ ಪಕ್ಷವಿದ್ದಾಗಲೂ ನೀರು ಬರಲಿಲ್ಲ. ಊರಿನ ಮದುವೆಗೂ ಮಣ್ಣಿಗೂ ಬರುವ ಶಾಸಕ ಕೈಗೆ ಸಿಗುತ್ತಾನೆ, ಸಿಟ್ಟು ಅವನ ಮೇಲೆ ತೀರುತ್ತದೆ. ಲೋಕಸಭೆಯ ಮತ ದೇಶದ ನಾಯಕನ ಮೇಲಿನ ಭರವಸೆಗೆ ಹೋಗುತ್ತದೆ. 2020ರಲ್ಲಿ ನೀಲಾಂಜನ್ ಸರ್ಕಾರ್ ಇದನ್ನು ‘ವಿಶ್ವಾಸ’ದ ರಾಜಕಾರಣ ಎಂದರು.

ಹೀಗೆ ಮತ ಹಾಕುವ ಜನರನ್ನು ಅಂಧಭಕ್ತರು, ಗುಲಾಮರು ಎಂದು ಹೀಗಳೆಯುವ ಬರವಣಿಗೆ ನನಗೆ ಒಪ್ಪಿಗೆಯಿಲ್ಲ. ಹೊಣೆ ಯಾರದೆಂಬ ಮಾಹಿತಿ ಸಿಕ್ಕರೆ ಜನರ ಲೆಕ್ಕ ಬದಲಾಗುತ್ತದೆ. ಅಮೆರಿಕದ ಕತ್ರಿನಾ ಚಂಡಮಾರುತದ ಬಗ್ಗೆ ಮಲ್ಹೋತ್ರಾ ಮತ್ತು ಅಲೆಕ್ಸಾಂಡರ್ ಕುವೊ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಧಿಕಾರಿಯ ಪಕ್ಷ ಮಾತ್ರ ಹೇಳಿದಾಗ ಜನ ಪಕ್ಷದ ಪ್ರಕಾರ ದೂರಿದರು. ಅವರ ಹುದ್ದೆ ಏನೆಂದೂ ತಿಳಿಸಿದಾಗ ಪಕ್ಷದ ಹಿಡಿತ ಸಡಿಲಾಯಿತು. ಇದೇ ಪರೀಕ್ಷೆ ಅಣ್ಣಿಗೇರಿ, ನವಲಗುಂದದ ಹಳ್ಳಿಗಳಲ್ಲಿ ನಡೆಯಬೇಕು. ಮಹದಾಯಿಯ ಯಾವ ಕಡತ ಯಾವ ಕಚೇರಿಯಲ್ಲಿ, ಯಾವ ತಾರೀಖಿನಿಂದ ಕೂತಿದೆ ಎಂದು ಗ್ರಾಮ ಪಂಚಾಯ್ತಿಯ ಗೋಡೆಗೆ ಕೆಲವು ಊರುಗಳಲ್ಲಿ ಬರೆಸಿ, ಕೆಲವು ಊರುಗಳಲ್ಲಿ ಬರೆಸದೆ, ಮುಂದಿನ ಲೋಕಸಭಾ ಚುನಾವಣೆಯ ಮತವನ್ನು ಬೂತುವಾರು ಹೋಲಿಸಿ ನೋಡಬಹುದು.