ಚಾಪೆ ಹಾಸಿದವನು ಬಾಗಿಲ ಹತ್ರವೇ ನಿಂತ

ಜೂನ್ 21ಕ್ಕೆ ನಮ್ಮ ಆಫೀಸಿನಲ್ಲೂ ಯೋಗ ದಿನ ಆಯ್ತು. ಚಾಪೆ ಹಾಸಿದ್ದು ಗ್ರೂಪ್ ಡಿಯ ನಮ್ಮ ಹುಡುಗ. ಎಲ್ಲರೂ ಕೂತ ಮೇಲೆ ಅವನು ಬಾಗಿಲ ಹತ್ರ ನಿಂತ. "ನೀನೂ ಬಾರಪ್ಪ" ಅಂತ ಯಾರೂ ಕರೀಲಿಲ್ಲ. ನಾನೂ ಕರೀಲಿಲ್ಲ, ಅದೇ ಈಗ ಚುಚ್ತಾ ಇದೆ. ಭಾಷಣ ಮಾಡಿದವರು ಯೋಗ ನಮ್ಮ ಪರಂಪರೆ, ಬೇರೆಯವರಿಗೆ ಅರ್ಥ ಆಗಲ್ಲ ಅಂದ್ರು.

ಇತಿಹಾಸ ಬೇರೆನೇ ಹೇಳುತ್ತೆ ಬಂಧುಗಳೇ. ಪತಂಜಲಿಯ ಯೋಗಸೂತ್ರವನ್ನು 11ನೇ ಶತಮಾನದಲ್ಲೇ ಅರಬ್ಬಿಗೆ ತಂದವನು ಅಲ್ ಬೆರೂನಿ. 16ನೇ ಶತಮಾನದಲ್ಲಿ ಗ್ವಾಲಿಯರಿನ ಸೂಫಿ ಶೇಖ್ ಮುಹಮ್ಮದ್ ಗೌಸ್ 'ಅಮೃತಕುಂಡ' ಎಂಬ ಯೋಗಗ್ರಂಥವನ್ನು 'ಬಹ್ರ್ ಅಲ್ ಹಯಾತ್' ಎಂಬ ಹೆಸರಲ್ಲಿ ಪಾರ್ಸಿಗೆ ತಂದರು. 1600ರ ಸುಮಾರಿಗೆ ಅಲಹಾಬಾದಿನಲ್ಲಿ ರಾಜಕುಮಾರ ಸಲೀಮನಿಗಾಗಿ ಅದರ ಚಿತ್ರಪ್ರತಿಯೂ ತಯಾರಾಯಿತು, 21 ಆಸನಗಳ ಚಿತ್ರದ ಜೊತೆಗೆ.

ಅವರು ಹುಡುಕಿದ್ದು ಬರೀ ಮೈ ಬಗ್ಗಿಸೋದನ್ನಲ್ಲ. ಯೋಗಿಗಳು ಉಸಿರು ಹಿಡಿದು, ಮನಸ್ಸು ನಿಲ್ಲಿಸಿ, ಅದನ್ನು ಸಮಾಧಿ ಅಂದರು. ಸೂಫಿಗಳು ಉಸಿರಿನ ಜೊತೆ ದೇವರ ಹೆಸರು ನೆನೆದು, 'ನಾನು' ಕರಗೋದನ್ನು ಫನಾ ಅಂದರು. ಎರಡೂ ಒಂದೇ ಅಲ್ಲ. ಪತಂಜಲಿಯ ಪುರುಷ ಪ್ರಕೃತಿಯಿಂದ ಬಿಡಿಸಿಕೊಂಡು ಒಂಟಿಯಾಗಿ ನಿಲ್ಲಬೇಕು. ಸೂಫಿ ತಾನು ಪ್ರೀತಿಸಿದ ಅಲ್ಲಾಹನಲ್ಲಿ ಇಲ್ಲವಾಗಬೇಕು. ಆದರೆ ಒಂದು ಮಾತಲ್ಲಿ ಇಬ್ಬರೂ ಸೇರ್ತಾರೆ: ಕೊನೆಯ ಅರಿವು ಓದಿ, ಕೇಳಿ ಬರಲ್ಲ, ತಾನೇ ಕಾಣಬೇಕು. ಸೂಫಿಗಳು ಅದನ್ನು ಮಾರಿಫತ್ ಅಂತಾರೆ.

ನಮಗೆ ಇದು ಯಾಕೆ ಮುಖ್ಯ? ವೇದ ಕೇಳಿದ ಶೂದ್ರನ ಕಿವಿಗೆ ಕಾಯಿಸಿದ ತವರ, ಅರಗು ಸುರೀರಿ ಅಂತ ಗೌತಮ ಧರ್ಮಸೂತ್ರ ಹೇಳಿದ ದೇಶ ಇದು. ಅರಿವು ಕಿವಿಯಿಂದ ಬರೋದಾದ್ರೆ ಕಿವಿ ಮುಚ್ಚಿಸಬಹುದು. ಒಳಗಿನ ಉಸಿರಿಂದ ಬರೋದಾದ್ರೆ ಯಾವ ಪುರೋಹಿತ ಬೀಗ ಹಾಕ್ತಾನೆ?

ಇದನ್ನ ಪೂರ್ತಿ ಅರ್ಥ ಮಾಡ್ಕೊಂಡವನು ಅರಮನೆಯವನಲ್ಲ, ಕಾಶಿಯ ನೇಕಾರ ಕಬೀರ. ನಾಥಯೋಗಿಗಳ ಇಡಾ ಪಿಂಗಳವನ್ನೂ ಸೂಫಿಗಳ ಪ್ರೇಮವನ್ನೂ ಒಂದೇ ಮಗ್ಗದಲ್ಲಿ ನೇಯ್ದ. ಪಂಡಿತ, ಮುಲ್ಲಾ, ವೇಷದ ಯೋಗಿ, ಮೂವರನ್ನೂ ಬಿಡಲಿಲ್ಲ. ಬಾಬಾಸಾಹೇಬರ ತಂದೆ ಕಬೀರಪಂಥಿ. ಬಾಬಾಸಾಹೇಬರು ಬುದ್ಧ, ಫುಲೆ ಜೊತೆ ಕಬೀರನನ್ನೂ ಗುರು ಅಂದಿದ್ದು ಸುಮ್ಮನೆ ಅಲ್ಲ.

ಆದ್ರೆ ಕಣ್ಣು ಮುಚ್ಚಿ ಕೂತ ಮಾತ್ರಕ್ಕೆ ಜಾತಿ ಹೋಗಲ್ಲ. ಮಠಗಳ ಹಾಗೆ ಎಷ್ಟೋ ದರ್ಗಾಗಳಲ್ಲೂ ಗದ್ದುಗೆ ವಂಶದ ಸೊತ್ತಾಯಿತು. ಒಳಗೆ ಕಂಡ ಸತ್ಯ ಹೊರಗೆ ಸಮಾನತೆ ಆಗದಿದ್ರೆ ಅದು ಬರೀ ನಿದ್ದೆ.

ಮುಂದಿನ ಜೂನ್ 21ಕ್ಕೆ ಚಾಪೆ ನಾನೂ ಹಾಸ್ತೀನಿ. ಆ ಹುಡುಗ ನನ್ನ ಪಕ್ಕ ಕೂರ್ತಾನೆ.

ಜೈ ಭೀಮ್.