ಸುಂಕದಕಟ್ಟೆಯಿಂದ ಅತ್ತಿಬೆಲೆಗೆ: ಒಂದು ಗಡಿದಾರಿಯ ಚರಿತ್ರೆ

ಬೆಂಗಳೂರಿನ ಪಶ್ಚಿಮಕ್ಕಿರುವ ನಾಗರಬಾವಿಯಿಂದ ತಮಿಳುನಾಡಿನ ಹೊಸೂರಿಗೆ ಹೊರಡುವವರು ಯಾವ ದಿನ, ಯಾವ ಹೊತ್ತಿಗೆ, ಯಾವ ದಾರಿ ಹಿಡಿದರೆ ಅತ್ತಿಬೆಲೆಯ ಗಡಿಯನ್ನು ತಡೆಯಿಲ್ಲದೆ ದಾಟಬಹುದೆಂದು ಮೊದಲೇ ಲೆಕ್ಕ ಹಾಕುವುದು ಇಂದು ವಾಡಿಕೆಯಾಗಿದ್ದರೂ, ಈ ಲೆಕ್ಕಾಚಾರ ಮೋಟಾರು ವಾಹನಗಳ ಕಾಲದಲ್ಲಿ ಹುಟ್ಟಿದ್ದಲ್ಲ. ಅತ್ತಿಬೆಲೆಗೂ ಅದರಾಚೆಗೆ ತಮಿಳುನಾಡಿನ ಮೊದಲ ಊರಾದ ಜೂಜುವಾಡಿಗೂ ನಡುವೆ ದಾಟಬೇಕಾದ ಹೊಳೆಯಿಲ್ಲ, ಇಳಿಯಬೇಕಾದ ಘಟ್ಟವಿಲ್ಲ. ಎರಡೂ ಕಡೆಯ ಊರುಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುತ್ತವೆ. ಪ್ರಕೃತಿ ಒಡ್ಡದ ಅಡ್ಡಿಯನ್ನು ಇಲ್ಲಿ ಆಡಳಿತವೇ ಒಡ್ಡುತ್ತ ಬಂದಿದೆ, ಮತ್ತು ಕಾಲಕಾಲಕ್ಕೆ ಆ ಅಡ್ಡಿಯ ಸ್ವರೂಪ ಬದಲಾದಂತೆ ಪಯಣಿಗರ ಯೋಜನೆಯೂ ಬದಲಾಗಿದೆ.

ಮಧ್ಯಕಾಲೀನ ಕರ್ನಾಟಕದ ಶಾಸನಗಳಲ್ಲಿ ಪೆರ್ಜುಂಕ, ಅಂದರೆ ದೊಡ್ಡ ಪ್ರಮಾಣದ ಸರಕಿನ ಮೇಲಿನ ಸುಂಕ, ಮತ್ತು ವಡ್ಡರಾವುಳ ಎಂಬ ತೆರಿಗೆಗಳು ಮತ್ತೆ ಮತ್ತೆ ಬರುತ್ತವೆ. ಅವುಗಳ ವಸೂಲಿಯ ಹೊಣೆ ಹೊತ್ತ ಅಧಿಕಾರಿಯನ್ನು ಸುಂಕವೆರ್ಗಡೆ ಎಂದು ಕರೆಯಲಾಗಿದೆ. ಎತ್ತಿನ ಬೆನ್ನ ಮೇಲೆ ಹೇರುವ ಒಂದು ಹೊರೆಗೆ ಹೇರು ಎಂದು ಹೆಸರಿದ್ದು, ಸುಂಕದ ಲೆಕ್ಕ ಬಹುಮಟ್ಟಿಗೆ ಹೇರಿನ ಮೇಲೆ ನಡೆಯುತ್ತಿತ್ತು. ದೇವಾಲಯಕ್ಕೆ ಸೇರಿದ ಇಂತಿಷ್ಟು ಹೇರುಗಳಿಗೆ ಸುಂಕ ಬಿಟ್ಟುಕೊಟ್ಟ ದತ್ತಿಗಳು ಶಾಸನಗಳಲ್ಲಿ ಸಿಗುವುದರಿಂದ, ದಾರಿಯ ಮೇಲಿನ ಪ್ರತಿಯೊಂದು ಸುಂಕದ ಕಟ್ಟೆಯೂ ವರ್ತಕರಿಗೆ ಎಷ್ಟು ಭಾರವಾಗಿತ್ತೆಂಬುದನ್ನು ಊಹಿಸಬಹುದು. ಅಯ್ಯಾವೊಳೆ ಐನೂರ್ವರಂತಹ ವರ್ತಕ ಸಂಘಗಳ ಬಲ ಅವರ ಬಂಡವಾಳದಲ್ಲಿ ಮಾತ್ರವಲ್ಲದೆ ಇಂತಹ ಕಟ್ಟೆಗಳಲ್ಲಿ ಅವರಿಗಿದ್ದ ಮನ್ನಣೆಯಲ್ಲಿಯೂ ಇತ್ತು. ಕಟ್ಟೆಯನ್ನು ತಪ್ಪಿಸಿ ಕಳ್ಳದಾರಿ ಹಿಡಿಯುವುದೂ ಅಷ್ಟೇ ಹಳೆಯದು: ಸುಂಕ ತೆರದೆ ಸುಂಕದ ಮನೆಯ ಧ್ವಜವನ್ನು ದಾಟಿದವನಿಗೆ ಸುಂಕದ ಎಂಟರಷ್ಟು ದಂಡವನ್ನು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸುತ್ತದೆ, ಮತ್ತು ದಂಡ ಅಷ್ಟು ಕಠಿಣವಾಗಿದ್ದುದಕ್ಕೆ ತಪ್ಪಿಸಿಕೊಳ್ಳುವವರು ಸಾಕಷ್ಟಿದ್ದುದೇ ಕಾರಣವಾಗಿರಬೇಕು. ನಾಗರಬಾವಿಯ ಸಮೀಪದಲ್ಲೇ, ಮಾಗಡಿ ರಸ್ತೆಯ ಮೇಲೆ, ಸುಂಕದಕಟ್ಟೆ ಎಂಬ ಊರೂ ಅದಕ್ಕಿಂತ ನಗರಕ್ಕೆ ಹತ್ತಿರದಲ್ಲಿ ಟೋಲ್‌ಗೇಟ್ ಎಂಬ ಬಸ್ ನಿಲ್ದಾಣವೂ ಇಂದಿಗೂ ಉಳಿದಿವೆ. ವಸೂಲಿ ನಿಂತು ಎಷ್ಟೋ ಕಾಲವಾದರೂ ಊರಿನ ನೆನಪು ಅದನ್ನು ಬಿಟ್ಟಿಲ್ಲ.

ಅತ್ತಿಬೆಲೆಯಲ್ಲಿ ಇಂದು ಕಾಣುವ ಗಡಿಗೆ ಮಾತ್ರ ಅಷ್ಟು ಹಳೆಯ ಚರಿತ್ರೆಯಿಲ್ಲ. 18ನೆಯ ಶತಮಾನದಲ್ಲಿ ಹೊಸೂರು ಮೈಸೂರು ರಾಜ್ಯದ ಕೋಟೆಯೂರಾಗಿತ್ತು. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೇನೆ ಅದೇ ವರ್ಷದ ಜುಲೈಯಲ್ಲಿ ಹೊಸೂರನ್ನೂ ರಾಯಕೋಟೆಯನ್ನೂ ವಶಪಡಿಸಿಕೊಂಡದ್ದು ಬಾರಾಮಹಲಿನಿಂದ, ಅಂದರೆ ಇಂದಿನ ಕೃಷ್ಣಗಿರಿ ಮತ್ತು ಧರ್ಮಪುರಿಗಳ ಕಡೆಯಿಂದ, ಮೇಲಕ್ಕೆ ಬರುವ ಕಣಿವೆದಾರಿಗಳನ್ನು ತೆರೆದಿಟ್ಟುಕೊಂಡು ದವಸಧಾನ್ಯ ತರಿಸುವುದಕ್ಕಾಗಿ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಕಂಪನಿಗೆ ಹೋಯಿತು. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಘಟ್ಟದ ಮೇಲಿನ ಹೊಸೂರು ಸೀಮೆಯೂ ಮದರಾಸಿನ ಸೇಲಂ ಜಿಲ್ಲೆಗೆ ಸೇರಿತು. ಬೆಂಗಳೂರಿನಿಂದ ಸುಮಾರು 35 ಕಿಲೋಮೀಟರು ದೂರದಲ್ಲಿ, ಒಂದೇ ಬಯಲಿನ ನಡುವೆ ಗೆರೆ ಬಿದ್ದದ್ದು ಹೀಗೆ.

ಅದೇ 1799ರ ಮಾರ್ಚಿನಲ್ಲಿ ಕಂಪನಿಯ ಜನರಲ್ ಹ್ಯಾರಿಸನ ಸೇನೆ ಕೆಲಮಂಗಲ, ಆನೇಕಲ್, ಕನಕಪುರ, ಮಳವಳ್ಳಿಗಳ ದಾರಿಯಾಗಿ ಶ್ರೀರಂಗಪಟ್ಟಣದತ್ತ ಸಾಗಿದ್ದನ್ನು ಈ ಸಂದರ್ಭದಲ್ಲಿ ಗಮನಿಸಬೇಕು. ದಂಡಿನೊಡನೆ ನಡೆದ ಎತ್ತುಗಳು ಹತ್ತಾರು ಸಾವಿರ. ದವಸ ಹೊತ್ತ ಬಂಜಾರರ ತಂಡಗಳೂ ಜೊತೆಗಿದ್ದವು. ಅಷ್ಟು ದನಗಳಿಗೆ ಮೇವು ಮತ್ತು ನೀರು ಸಿಗುವ ದಾರಿ ಯಾವುದೆಂಬುದೇ ಸೇನಾಪತಿಗೆ ಮೊದಲ ಪ್ರಶ್ನೆಯಾಗಿತ್ತು. ಟಿಪ್ಪುವಿನ ಕುದುರೆಪಡೆ ದಾರಿಯುದ್ದಕ್ಕೂ ಮೇವನ್ನು ಸುಡುತ್ತಿದ್ದುದರಿಂದ ಆ ಪ್ರಶ್ನೆ ಇನ್ನಷ್ಟು ಕಠಿಣವಾಗಿತ್ತು. ಬೆಂಗಳೂರನ್ನು ಹೊಗದೆ ಅದರ ದಕ್ಷಿಣದ ಅಂಚಿನಲ್ಲಿ ಹಾದುಹೋಗುವ ಈ ನಡೆ ಯುದ್ಧಕಾಲದ್ದೇ ಆದರೂ, ದೊಡ್ಡ ಊರನ್ನು ಬಳಸಿ ಹೋಗುವ ದಾರಿಯ ಅಗತ್ಯ ಆ ಕಾಲಕ್ಕೇ ಅರಿವಾಗಿತ್ತೆಂಬುದಕ್ಕೆ ಸ್ಪಷ್ಟ ನಿದರ್ಶನವಾಗಿದೆ.

ಶಾಂತಿಕಾಲದಲ್ಲಿ ಹೇರೆತ್ತುಗಳನ್ನು ತಡೆಯುತ್ತಿದ್ದುದು ಸಾಯರ್, ಎಂದರೆ ಸರಕಿನ ಸಾಗಣೆ ಮತ್ತು ಮಾರಾಟದ ಮೇಲಿನ ಸುಂಕ. ಇದರ ವಸೂಲಿಯನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿದ್ದುದರಿಂದ ಗುತ್ತಿಗೆದಾರನಿಗೆ ಪ್ರತಿ ಉಕ್ಕಡವೂ, ಅಂದರೆ ಊರಿನ ಇಲ್ಲವೆ ಸೀಮೆಯ ಅಂಚಿನ ಪ್ರತಿ ಕಾವಲುಕಟ್ಟೆಯೂ, ಆದಾಯದ ಮೂಲವಾಗಿತ್ತು. ಮದರಾಸ್ ಪ್ರಾಂತ್ಯದಲ್ಲಿ ಒಳನಾಡಿನ ಸಾಗಣೆ ಸುಂಕ 1844ರ ಕಾಯ್ದೆಯಿಂದ ರದ್ದಾಯಿತು. ಮೈಸೂರಿನಲ್ಲಿ 1834ರಿಂದ 1861ರವರೆಗೆ ಬ್ರಿಟಿಷ್ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ನೂರಾರು ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿ, ಗಾಡಿ ಓಡುವ ರಸ್ತೆಗಳನ್ನು ಮಾಡಿಸಿದನು. ಹೇರಿನ ಜಾಗಕ್ಕೆ ಗಾಡಿ ಬಂದದ್ದು ಸಾಮಾನ್ಯ ಬದಲಾವಣೆಯಲ್ಲ. ಎತ್ತು ಯಾವ ಕಾಲುದಾರಿಯಲ್ಲಾದರೂ ನಡೆಯಬಲ್ಲುದು, ಗಾಡಿಗೆ ಮಾಡಿದ ರಸ್ತೆಯೇ ಬೇಕು. ಹೀಗಾಗಿ ಹಲವು ದಾರಿಗಳಲ್ಲಿ ಚದುರಿದ್ದ ಸಂಚಾರ ಒಂದೇ ಹೆದ್ದಾರಿಗೆ ಸೇರಿತು. ಇಂದಿನ ಇಕ್ಕಟ್ಟಿನ ಬೀಜ ಇಲ್ಲಿಯೇ ಇದೆ.

ಸ್ವಾತಂತ್ರ್ಯಾನಂತರ ಸಂವಿಧಾನದ 301ನೆಯ ವಿಧಿ ದೇಶದೊಳಗಿನ ವ್ಯಾಪಾರ ಮತ್ತು ಸಂಚಾರ ಮುಕ್ತವೆಂದು ಸಾರಿತಾದರೂ, ಅದೇ ಕಾಲದಲ್ಲಿ ಗಡಿಯ ಚೆಕ್‌ಪೋಸ್ಟುಗಳು ಗಟ್ಟಿಯಾದುದು ಚರಿತ್ರೆಯ ವಿರೋಧಾಭಾಸ. 1957ರಲ್ಲಿ ಮದರಾಸು, ಮೈಸೂರು, ಕೇರಳ, ಆಂಧ್ರಗಳನ್ನು ಕೂಡಿಸಿ ರಚಿಸಿದ್ದ ದಕ್ಷಿಣದ ಅಕ್ಕಿ ವಲಯ 1964ರಲ್ಲಿ ಒಡೆದು, ಒಂದೊಂದು ರಾಜ್ಯವೂ ಒಂದೊಂದು ವಲಯವಾದಾಗ, ಗಡಿಯಲ್ಲಿ ಅಕ್ಕಿಯ ಮೂಟೆಗಳನ್ನು ಹುಡುಕುವ ಕೆಲಸ ಆರಂಭವಾಯಿತು. ಮಾರಾಟ ತೆರಿಗೆಯ ತಪಾಸಣೆಗೆ ಬಿಲ್ಲು ಮತ್ತು ಡೆಲಿವರಿ ನೋಟ್ ತೋರಿಸಿ ಮೊಹರು ಹಾಕಿಸಿಕೊಳ್ಳುವುದು ಲಾರಿ ಚಾಲಕರ ದಿನಚರಿಯಾಯಿತು. 1979ರಲ್ಲಿ ಕರ್ನಾಟಕವು ಊರೊಳಗೆ ಬರುವ ಸರಕಿನ ಮೇಲಿನ ಆಕ್ಟ್ರಾಯನ್ನು ಕೈಬಿಟ್ಟು ಪ್ರವೇಶ ತೆರಿಗೆಯನ್ನು ತಂದಿತು. ಹಳದಿ ಫಲಕದ ಬಾಡಿಗೆ ಕಾರುಗಳಿಗೆ ಜೂಜುವಾಡಿಯಲ್ಲಿ ಪರ್ಮಿಟ್ ತೆರಿಗೆ ಕಟ್ಟುವ ಸರದಿ ಬೇರೆ. ಇದೇ ಹೊತ್ತಿಗೆ ಹೊಸೂರಿನಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬೆಳೆದು, ಬೆಂಗಳೂರಿನಿಂದ ಬಿಡಿಭಾಗಗಳೂ ನೌಕರರೂ ದಿನವೂ ಗಡಿ ದಾಟುವಂತಾದುದರಿಂದ, ಕಾಗದದ ತಪಾಸಣೆಗೆ ನಿಂತ ಲಾರಿಗಳ ಸಾಲು ಉಳಿದವರನ್ನೂ ತಡೆಯಿತು. ಕಾವೇರಿ ವಿವಾದ ಕೆರಳಿದ 1991ರ ಡಿಸೆಂಬರ್ ಮತ್ತು 2016ರ ಸೆಪ್ಟೆಂಬರ್ ತಿಂಗಳುಗಳಲ್ಲಿ ಗಡಿ ದಾಟುವ ಸಂಚಾರವೇ ಕಡಿದುಹೋಯಿತು. 2016ರಲ್ಲಿ ಜನ ಗಂಟುಮೂಟೆ ಹೊತ್ತು ಅತ್ತಿಬೆಲೆ ಮತ್ತು ಜೂಜುವಾಡಿಗಳ ನಡುವೆ ನಡೆದು ಆಚೆಯ ಬಸ್ಸು ಹಿಡಿಯಬೇಕಾಯಿತು.

ನಾಗರಬಾವಿ ಈ ಚರಿತ್ರೆಯೊಳಗೆ ತಡವಾಗಿ ಬರುತ್ತದೆ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯೂ ಜ್ಞಾನಭಾರತಿಯ ವಿಶ್ವವಿದ್ಯಾಲಯವೂ ನೆರೆಯಲ್ಲಿ ನೆಲೆಗೊಂಡು, ಬಳಿಕ ಬಿಡಿಎ ಬಡಾವಣೆಗಳು ಎದ್ದ ಮೇಲೆಯೇ ಹಳ್ಳಿ ನಗರವಾಯಿತು. ಆಗ ಹೊಸೂರಿಗೆ ಹೋಗಬೇಕಾದವರು ಮೈಸೂರು ರಸ್ತೆ ಹಿಡಿದು ನಗರದ ನಡುವನ್ನು ಹಾಯ್ದು, ಆಡುಗೋಡಿ ಮತ್ತು ಮಡಿವಾಳಗಳ ಮೂಲಕ ಸಾಗಬೇಕಿತ್ತು. ಹೊರವರ್ತುಲ ರಸ್ತೆ ಬಂದ ಮೇಲೆ ನಾಯಂಡಹಳ್ಳಿ, ಬನಶಂಕರಿ, ಸಿಲ್ಕ್ ಬೋರ್ಡ್ ದಾರಿ ತೆರೆಯಿತಾದರೂ, ಕೆಲವೇ ವರ್ಷಗಳಲ್ಲಿ ನಗರ ಅದನ್ನೂ ನುಂಗಿತು. 2010ರ ಜನವರಿಯಲ್ಲಿ ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗಿನ ಸುಮಾರು 10 ಕಿಲೋಮೀಟರುಗಳ ಮೇಲುರಸ್ತೆ ತೆರೆಯಿತು. ಪಶ್ಚಿಮದವರಿಗೆ ಅದಕ್ಕಿಂತ ಹೆಚ್ಚು ಉಪಕಾರವಾದದ್ದು ನೈಸ್ ರಸ್ತೆಯಿಂದ. 1997ರ ಒಪ್ಪಂದದಿಂದ ಹುಟ್ಟಿ, ಭೂಸ್ವಾಧೀನದ ದೀರ್ಘ ವಿವಾದಗಳನ್ನೂ 2006ರ ಸುಪ್ರೀಂ ಕೋರ್ಟ್ ತೀರ್ಪನ್ನೂ ದಾಟಿ ಬಂದ ಈ ಶುಲ್ಕರಸ್ತೆ ತುಮಕೂರು, ಮಾಗಡಿ, ಮೈಸೂರು, ಕನಕಪುರ, ಬನ್ನೇರುಘಟ್ಟ ರಸ್ತೆಗಳನ್ನು ಕೂಡಿಸಿ ಹೊಸೂರು ರಸ್ತೆಗೆ ಸೇರುತ್ತದೆ. ಅದಕ್ಕಾಗಿ ನೆಲ ಬಿಟ್ಟುಕೊಟ್ಟ ಹಳ್ಳಿಗಳ ನೋವನ್ನು ಈ ಅನುಕೂಲದ ಲೆಕ್ಕದಿಂದ ಹೊರಗಿಡುವುದು ಸರಿಯಲ್ಲ.

2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾಗಿ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟುಗಳು ಎದ್ದುಹೋದವು. 2018ರ ಏಪ್ರಿಲಿನಿಂದ ಇ-ವೇ ಬಿಲ್ ಎಂಬ ಗಣಕೀಕೃತ ಸಾಗಣೆ ಚೀಟಿ ಬಂದಿತು. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಗಿ ಟೋಲ್ ಕಟ್ಟೆಯ ಚಿಲ್ಲರೆ ವ್ಯವಹಾರವೂ ಕಡಿಮೆಯಾಯಿತು. ಶತಮಾನಗಳಿಂದ ಸರಕನ್ನು ಗಡಿಯ ಗೆರೆಯ ಮೇಲೆಯೇ ನಿಲ್ಲಿಸುತ್ತಿದ್ದ ಪದ್ಧತಿ ಹೀಗೆ ಬಹುಮಟ್ಟಿಗೆ ಕೊನೆಗೊಂಡಿತು. 2020ರಲ್ಲಿ ಕೊರೋನಾ ಹರಡಿದಾಗ ಸೇವಾ ಸಿಂಧು ನೋಂದಣಿ ಮತ್ತು ಇ-ಪಾಸುಗಳ ರೂಪದಲ್ಲಿ ಗಡಿಗಟ್ಟೆ ಕೆಲವು ತಿಂಗಳು ಮರಳಿ ಬಂದದ್ದನ್ನು ಬಿಟ್ಟರೆ, ಈಗಿನ ತಡೆಗೆ ಗಡಿಯೇ ಮುಖ್ಯ ಕಾರಣವಲ್ಲ. ಬೊಮ್ಮಸಂದ್ರ, ಚಂದಾಪುರ, ಅತ್ತಿಬೆಲೆಗಳ ಕೂಡುರಸ್ತೆಗಳಲ್ಲಿ ಕಾರ್ಖಾನೆಯ ಪಾಳಿ ಬದಲಾಗುವ ಹೊತ್ತಿನ ಸ್ಥಳೀಯ ಸಂಚಾರವೂ ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೆಯ ರಾಷ್ಟ್ರೀಯ ಹೆದ್ದಾರಿಯ ದೂರದ ಸಂಚಾರವೂ ಒಂದೇ ನಾಲೆಯಲ್ಲಿ ಹರಿಯುವ ಎರಡು ಹೊಳೆಗಳಂತೆ ಬೆರೆಯುತ್ತವೆ. ದೀಪಾವಳಿ ಮತ್ತು ಪೊಂಗಲ್‌ಗೆ ಊರಿಗೆ ಹೋಗುವವರು, ಡಿಸೆಂಬರ್, ಜನವರಿಗಳಲ್ಲಿ ಮೇಲ್‌ಮರುವತ್ತೂರಿನ ಓಂ ಶಕ್ತಿ ಯಾತ್ರಿಕರು, ಹುಣ್ಣಿಮೆಗೆ ತಿರುವಣ್ಣಾಮಲೆಯ ಗಿರಿಪ್ರದಕ್ಷಿಣೆಗೆ ಹೊರಡುವವರು ಸೇರಿದಾಗ ಹೊರೆ ಇಮ್ಮಡಿಯಾಗುತ್ತದೆ. ಆದ್ದರಿಂದ ಅನುಭವಸ್ಥರು ಬೆಳಗಿನ ಜಾವಕ್ಕೆ ಮುಂಚೆಯೇ ನೈಸ್ ರಸ್ತೆ ಹಿಡಿಯುತ್ತಾರೆ.

ಒಳದಾರಿಗಳು ಇಲ್ಲದಿಲ್ಲ. ಆನೇಕಲ್ ಮೂಲಕ ತಮಿಳುನಾಡಿನ ತಳಿಗೆ, ಸರ್ಜಾಪುರ ಮೂಲಕ ಬಾಗಲೂರಿಗೆ ಇರುವ ರಸ್ತೆಗಳು ಅತ್ತಿಬೆಲೆಯನ್ನು ತಪ್ಪಿಸುತ್ತವೆ. ಕೊಯಮತ್ತೂರಿನ ಕಡೆಗೆ ಹೋಗುವವರಿಗೆ ಕೊಳ್ಳೇಗಾಲ, ಚಾಮರಾಜನಗರ, ದಿಂಬಂ ಘಟ್ಟದ ದಾರಿಯಿದ್ದರೂ, ಅದರ 27 ತಿರುವುಗಳಲ್ಲಿ ವನ್ಯಜೀವಿಗಳ ರಕ್ಷಣೆಗಾಗಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಆ ನಿರ್ಬಂಧ ನ್ಯಾಯವಾದದ್ದು, ಅದನ್ನು ಸಡಿಲಿಸಬಾರದು. ಆದರೆ ಆನೇಕಲ್ ಮತ್ತು ಸರ್ಜಾಪುರದ ಒಳದಾರಿಗಳನ್ನು ಗೆರೆಯ ಆಚೆಗೂ ಈಚೆಗೂ ಒಂದೇ ಗುಣಮಟ್ಟದಲ್ಲಿ ಕಾಯ್ದುಕೊಳ್ಳುವುದಕ್ಕೆ ಯಾವ ಅರಣ್ಯವೂ ಅಡ್ಡಿಯಿಲ್ಲ. ಅತ್ತಿಬೆಲೆಯ ಹೆದ್ದಾರಿಯನ್ನು ಮಾತ್ರ ಅಗಲಿಸುತ್ತ ಹೋಗುವುದರ ಬದಲು, ಬೆಂಗಳೂರು ನಗರ ಮತ್ತು ಕೃಷ್ಣಗಿರಿ ಜಿಲ್ಲೆಗಳ ಆಡಳಿತಗಳು ಒಂದೆಡೆ ಕುಳಿತು ಈ ರಸ್ತೆಗಳ ಯೋಜನೆಯನ್ನು ಜೊತೆಯಾಗಿ ಮಾಡಬೇಕು.